ಗುರು ಬಿಟ್ಟ ದಾರಿ: ಕಪಾಲತಲದ ಶಸ್ತ್ರವಿದ್ಯೆಯ ಇತಿಹಾಸದಿಂದ ಒಂದು ಅಧ್ಯಾಯ

೧

ಪಾಠಶಾಲೆಯಲ್ಲಿ ಮಿದುಳಿನ ಚಿತ್ರವನ್ನು ಕರಿಹಲಗೆಯ ಮೇಲೆ ಬರೆಯುವಾಗ ನಾವು ಅದನ್ನು ಪಕ್ಕದಿಂದ ಕಂಡಂತೆ ಬರೆಯುವುದು ವಾಡಿಕೆ. ದೊಡ್ಡ ಮಿದುಳು, ಅದರ ಹಿಂಭಾಗದಲ್ಲಿ ಕೆಳಗೆ ಚಿಕ್ಕ ಮಿದುಳು, ಅಲ್ಲಿಂದ ಇಳಿದುಬರುವ ಬೆನ್ನುಹುರಿ, ಇವಿಷ್ಟನ್ನು ಗುರುತಿಸಿದರೆ ಪಾಠ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಈ ಮಿದುಳು ಯಾವುದರ ಮೇಲೆ ಕುಳಿತಿದೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುವುದು ಅಪೂರ್ವ; ಉಪಾಧ್ಯಾಯರಾದ ನಾವು ಎತ್ತುವುದೂ ಅಪೂರ್ವ.

ತಲೆಬುರುಡೆಯ ಮೇಲ್ಭಾಗವು ಗುಮ್ಮಟದಂತೆ ನುಣುಪಾಗಿದ್ದರೂ ಅದರ ತಳವು ಸಮನಾದ ನೆಲವಲ್ಲ. ಮುಂದಿನಿಂದ ಹಿಂದಕ್ಕೆ ಮೂರು ಮೆಟ್ಟಿಲುಗಳಂತೆ ಅದು ಇಳಿಯುತ್ತ ಹೋಗುತ್ತದೆ. ಆ ನೆಲದಲ್ಲಿ ಸಣ್ಣವೂ ದೊಡ್ಡವೂ ಆದ ಅನೇಕ ರಂಧ್ರಗಳಿವೆ. ನೋಡುವ, ಕೇಳುವ, ನುಂಗುವ, ಮುಖವನ್ನಾಡಿಸುವ ನರಗಳೆಲ್ಲ ಈ ರಂಧ್ರಗಳ ಮೂಲಕವೇ ಹೊರಕ್ಕೆ ಬರಬೇಕು. ಮಿದುಳಿಗೆ ರಕ್ತವನ್ನೊಯ್ಯುವ ನಾಳಗಳೆಲ್ಲ ಇವುಗಳ ಮೂಲಕವೇ ಒಳಕ್ಕೆ ಹೋಗಬೇಕು. ಈ ನೆಲಕ್ಕೆ ಕಪಾಲತಲವೆಂದು ಹೆಸರು. ಇದರ ನಟ್ಟನಡುವೆ ಬೆಣೆಯ ಆಕಾರದ ಒಂದು ಎಲುಬುಂಟು. ಸ್ಫೀನಾಯ್ಡ್ ಎಂದು ಅದನ್ನು ಕರೆಯುತ್ತಾರೆ. ಅದರ ಬೆನ್ನಿನ ಮೇಲಿನ ತಗ್ಗು ಕುದುರೆಯ ಜೀನನ್ನು ಹೋಲುವುದರಿಂದ ಹಳೆಯ ಅಂಗರಚನಾಶಾಸ್ತ್ರಜ್ಞರು ಅದಕ್ಕೆ ‘ತುರ್ಕಿಯ ಜೀನು’ ಎಂಬ ಹೆಸರನ್ನಿಟ್ಟರು. ಆ ಜೀನಿನಲ್ಲಿ ಕಡಲೆಕಾಳಿನಷ್ಟು ದೊಡ್ಡದಾದ, ಸುಮಾರು ಅರ್ಧ ಗ್ರಾಮಿನ ತೂಕವುಳ್ಳ ಒಂದು ಗ್ರಂಥಿ ಕುಳಿತಿದೆ. ಅದೇ ಪಿಟ್ಯುಟರಿ. ದೇಹದ ಬೆಳವಣಿಗೆ, ಸಂತಾನಶಕ್ತಿ, ಇತರ ಗ್ರಂಥಿಗಳ ಕಾರ್ಯ, ಇವೆಲ್ಲವೂ ಆ ಕಾಳಿನ ಆಳ್ವಿಕೆಗೆ ಒಳಪಟ್ಟಿವೆ.

ಆ ಗ್ರಂಥಿ ಎಲ್ಲಿದೆಯೆಂಬುದನ್ನು ವಿದ್ಯಾರ್ಥಿಗಳು ತಮ್ಮ ತಲೆಯಲ್ಲಿಯೇ ಊಹಿಸಿಕೊಳ್ಳಬಹುದು. ಎರಡು ಕಣ್ಣುಗಳ ನಡುವೆ, ಮೂಗಿನ ಬುಡದಿಂದ, ನೇರವಾಗಿ ಹಿಂದಕ್ಕೆ ಒಂದು ಗೆರೆಯನ್ನೆಳೆಯಿರಿ. ಬಲಗಿವಿಯ ಸ್ವಲ್ಪ ಮುಂದಿನಿಂದ ಎಡಗಿವಿಯ ಮುಂದಕ್ಕೆ ಇನ್ನೊಂದನ್ನೆಳೆಯಿರಿ. ಎರಡೂ ಕೂಡುವ ಸ್ಥಳದ ಆಸುಪಾಸಿನಲ್ಲಿ ಅದು ನೆಲಸಿದೆ. ಅಂದರೆ ಯಾವ ಕಡೆಯಿಂದ ಹೊರಟರೂ ಅಷ್ಟೇ ದೂರ. ಯಾವ ಕಡೆಯಿಂದ ಹೋದರೂ ಅಷ್ಟೇ ಗಂಡಾಂತರ. ಅದರ ನೆತ್ತಿಯ ಮೇಲೆ ಎರಡು ಕಣ್ಣುಗಳ ನರಗಳು ಕತ್ತರಿಯಂತೆ ಹಾಯುತ್ತವೆ. ಅದರ ಎಡಬಲಗಳಲ್ಲಿ ಮಿದುಳಿಗೆ ರಕ್ತವನ್ನೊಯ್ಯುವ ಎರಡು ಹಿರಿಯ ನಾಳಗಳು ಹರಿಯುತ್ತವೆ. ಈ ಕೋಟೆಯೊಳಕ್ಕೆ ಶಸ್ತ್ರವೈದ್ಯನು ಹೇಗೆ ಪ್ರವೇಶಿಸಿದನು, ಪ್ರವೇಶಿಸಿದ ದಾರಿಯನ್ನು ಹೇಗೆ ಕಳೆದುಕೊಳ್ಳುವಂತಾದನು, ಅದನ್ನು ಯಾರು ಉಳಿಸಿದರು ಎಂಬುದೇ ಈ ಲೇಖನದ ವಿಷಯ.

೨

೧೮೮೬ರಲ್ಲಿ ಪಿಯೆರ್ ಮಾರೀ ಎಂಬ ಫ್ರೆಂಚ್ ವೈದ್ಯನು ಒಂದು ವಿಚಿತ್ರವಾದ ವ್ಯಾಧಿಯನ್ನು ವರ್ಣಿಸಿ ಅದಕ್ಕೆ ಆಕ್ರೊಮೆಗಲಿ ಎಂದು ಹೆಸರಿಟ್ಟನು. ವಯಸ್ಕನಾದ ಮನುಷ್ಯನ ಕೈಕಾಲುಗಳು ಮತ್ತೆ ಬೆಳೆಯತೊಡಗುತ್ತವೆ. ಉಂಗುರ ಬೆರಳಿಗೆ ಹಿಡಿಯದು. ಪಾದರಕ್ಷೆ ಕಾಲಿಗೆ ಸಾಲದು. ದವಡೆ ಮುಂದಕ್ಕೆ ಚಾಚಿ ಮುಖದ ಚಹರೆಯೇ ಮಾರ್ಪಡುತ್ತದೆ. ಇದರ ಮೂಲವು ಪಿಟ್ಯುಟರಿಯಲ್ಲಿ ಹುಟ್ಟುವ ಗೆಡ್ಡೆಯೆಂಬುದು ಕ್ರಮೇಣ ಸ್ಪಷ್ಟವಾಯಿತು. ಎಲ್ಲ ಗೆಡ್ಡೆಗಳೂ ಈ ತೆರನಾದ ಬೆಳವಣಿಗೆಯನ್ನು ತರುವುದಿಲ್ಲ. ಕೆಲವು ಮೌನವಾಗಿ ಮೇಲಕ್ಕೆ ಬೆಳೆದು ಕಣ್ಣಿನ ನರಗಳ ಕತ್ತರಿಯನ್ನು ಕೆಳಗಿನಿಂದ ಒತ್ತುತ್ತವೆ. ಆಗ ರೋಗಿಗೆ ಎದುರಿಗಿರುವುದು ಕಂಡರೂ ಎರಡು ಪಕ್ಕಗಳಲ್ಲಿರುವುದು ಕಾಣದಾಗುತ್ತದೆ. ಜಟಕಾ ಕುದುರೆಯ ಕಣ್ಣಿಗೆ ಕಟ್ಟಿದ ಪಟ್ಟಿಯಂತೆ ಕತ್ತಲೆಯು ಎರಡೂ ಕಡೆಗಳಿಂದ ಮುಚ್ಚಿಕೊಳ್ಳುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಗುಲುವುದು, ಪಕ್ಕದಿಂದ ಬಂದ ಬಂಡಿಯನ್ನು ಕಾಣದಿರುವುದು ಇದರ ಮೊದಲ ಲಕ್ಷಣಗಳು. ಚಿಕಿತ್ಸೆಯಿಲ್ಲದಿದ್ದರೆ ಪೂರ್ಣ ಕುರುಡೇ ಗತಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅರಿವಳಿಕೆಯೂ ಕ್ರಿಮಿನಾಶಕ ಕ್ರಮಗಳೂ ಬಂದಮೇಲೆ ಶಸ್ತ್ರವೈದ್ಯರು ತಲೆಬುರುಡೆಯನ್ನು ತೆರೆಯುವ ಧೈರ್ಯವನ್ನು ಪಡೆದರು. ಲಂಡನಿನ ವಿಕ್ಟರ್ ಹಾರ್ಸ್ಲಿಯು ೧೮೮೯ರಲ್ಲಿಯೇ ಪಿಟ್ಯುಟರಿಯ ಗೆಡ್ಡೆಯನ್ನು ಮೇಲಿನಿಂದ ಹೋಗಿ ತಲಪಲು ಯತ್ನಿಸಿದನು. ಈ ಮೇಲಿನ ದಾರಿಯಲ್ಲಿ ಬುರುಡೆಯ ಒಂದು ಭಾಗವನ್ನು ಬಿಚ್ಚಿ, ಮಿದುಳನ್ನು ಮೆಲ್ಲನೆ ಎತ್ತಿಹಿಡಿದು, ಅದರ ಅಡಿಯಿಂದ ಒಳಹೊಗಬೇಕು. ಮಿದುಳು ಬೆಣ್ಣೆಯಂತೆ ಮೃದು. ಎತ್ತಿಹಿಡಿದ ಕೈ ಸ್ವಲ್ಪ ಬಿಗಿಯಾದರೂ ಅನರ್ಥ.

ಹಾಗಾದರೆ ಕೆಳಗಿನಿಂದ ಹೋಗಲಾಗದೆ? ಮೂಗಿನ ಹಿಂದೆ, ಬೆಣೆಯೆಲುಬಿನ ಒಡಲಿನಲ್ಲಿ, ಗಾಳಿ ತುಂಬಿದ ಒಂದು ಪೊಳ್ಳಿದೆ. ಆ ಪೊಳ್ಳಿನ ಮೇಲ್ಛಾವಣಿಯೇ ಜೀನಿನ ನೆಲ. ಎಷ್ಟೋ ಮಂದಿಯಲ್ಲಿ ಅದು ಮೊಟ್ಟೆಯ ಚಿಪ್ಪಿನಂತೆ ತೆಳುವಾಗಿರುತ್ತದೆ. ಮಮ್ಮಿಗಳನ್ನು ಸಿದ್ಧಪಡಿಸುತ್ತಿದ್ದ ಪ್ರಾಚೀನ ಈಜಿಪ್ತಿನವರು ಮೃತನ ಮಿದುಳನ್ನು ಮೂಗಿನ ಮೂಲಕವೇ ಹೊರತೆಗೆಯುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಸತ್ತವನಿಗೆ ಹೊಂದಿದ ದಾರಿ ಬದುಕಿರುವವನಿಗೂ ಹೊಂದೀತೆ ಎಂಬುದು ಪ್ರಶ್ನೆಯಾಗಿದ್ದಿತು. ೧೯೦೭ರ ಮಾರ್ಚ್ ೧೬ರಂದು ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿ ಹೆರ್ಮನ್ ಶ್ಲೋಫರ್ ಎಂಬಾತನು ರೋಗಿಯ ಮೂಗನ್ನು ಬಿಡಿಸಿ ಪಕ್ಕಕ್ಕೆ ಮಡಿಸಿ, ಆ ದಾರಿಯಿಂದ ಗೆಡ್ಡೆಯ ಒಂದಂಶವನ್ನು ತೆಗೆದನು. ರೋಗಿಯು ಶಸ್ತ್ರಕ್ರಿಯೆಯನ್ನು ದಾಟಿದನಾದರೂ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡನು. ಶವಪರೀಕ್ಷೆಯಲ್ಲಿ ಗೆಡ್ಡೆಯ ಬಹುಭಾಗ ಒಳಗೇ ಉಳಿದಿದ್ದುದು ಕಂಡುಬಂದಿತು. ಆದರೂ ದಾರಿಯುಂಟೆಂಬುದು ಸ್ಥಾಪಿತವಾಯಿತು. ೧೯೧೦ರಲ್ಲಿ ವಿಯೆನ್ನದ ಓಸ್ಕರ್ ಹಿರ್ಷ್ ಎಂಬ ನಾಸಿಕವೈದ್ಯನು ಮುಖವನ್ನು ಕೊಯ್ಯದೆ ಹೊಳ್ಳೆಯ ಮೂಲಕವೇ ಅಲ್ಲಿಗೆ ತಲಪಬಹುದೆಂದು ತೋರಿಸಿದನು.

೩

ಇದೇ ಕಾಲದಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ಅಮೆರಿಕೆಯಲ್ಲಿ ಮಿದುಳಿನ ಶಸ್ತ್ರವಿದ್ಯೆಗೆ ಒಬ್ಬ ಮಹಾಗುರು ದೊರೆತಿದ್ದನು. ಅವನೇ ಹಾರ್ವೆ ಕುಷಿಂಗ್. ೧೮೬೯ರಲ್ಲಿ ಒಹಾಯೊ ಸಂಸ್ಥಾನದ ಕ್ಲೀವ್‌ಲೆಂಡಿನಲ್ಲಿ ಹುಟ್ಟಿದ ಈತನು ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳಲ್ಲಿ ಓದಿ, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನ ಕೆಳಗೆ ಪಳಗಿದನು. ಮೆಲ್ಲಗೆ, ರಕ್ತ ಸೋರದಂತೆ, ಅಂಗಾಂಶಗಳಿಗೆ ನೋವಾಗದಂತೆ ಶಸ್ತ್ರವನ್ನಾಡಿಸಬೇಕೆಂಬುದು ಹಾಲ್‌ಸ್ಟೆಡ್ಡನ ಪಾಠ. ಮಿದುಳಿನ ವಿಷಯದಲ್ಲಿ ಆ ಪಾಠವು ಎಲ್ಲಕ್ಕಿಂತ ಅವಶ್ಯಕವೆಂಬುದನ್ನು ಕುಷಿಂಗನು ಕಂಡುಕೊಂಡನು.

ವಿದ್ಯಾರ್ಥಿದೆಸೆಯಲ್ಲಿ ಅವನಿಗೊದಗಿದ ಒಂದು ದುಃಖವು ಇಲ್ಲಿ ಸ್ಮರಣೀಯ. ಅವನು ಈಥರ್ ಅರಿವಳಿಕೆಯನ್ನು ಕೊಡುತ್ತಿದ್ದಾಗ ರೋಗಿಯೊಬ್ಬನು ಮಡಿದನು. ಕುಷಿಂಗನು ಕುಗ್ಗಿದನು, ಆದರೆ ವೃತ್ತಿಯನ್ನು ಬಿಡಲಿಲ್ಲ. ತನ್ನ ಸಹಪಾಠಿಯಾದ ಕಾಡ್ಮನ್ನನೊಡನೆ ಸೇರಿ, ಅರಿವಳಿಕೆಯ ಕಾಲದಲ್ಲಿ ರೋಗಿಯ ನಾಡಿ ಮತ್ತು ಉಸಿರಾಟಗಳನ್ನು ಬರೆದಿಡುವ ಪಟ್ಟಿಯನ್ನು ರೂಪಿಸಿದನು. ೧೯೦೧ರಲ್ಲಿ ಇಟಲಿಯ ಪಾವಿಯ ನಗರಕ್ಕೆ ಹೋದಾಗ, ರೀವ-ರೋಚಿ ಎಂಬಾತನು ರಚಿಸಿದ್ದ ರಕ್ತದೊತ್ತಡವನ್ನಳೆಯುವ ಉಪಕರಣವನ್ನು ನೋಡಿ ಅದನ್ನು ಅಮೆರಿಕೆಗೆ ತಂದನು. ೧೯೧೧ರಲ್ಲಿ, ದಾರದಿಂದ ಕಟ್ಟಲಾಗದ ಎಡೆಯಲ್ಲಿ ರಕ್ತನಾಳವನ್ನು ಅಮುಕಿ ಮುಚ್ಚುವ ಬೆಳ್ಳಿಯ ಸಣ್ಣ ಚಿಮುಟಿಗಳ ಬಳಕೆಯನ್ನು ಪ್ರಕಟಿಸಿದನು. ೧೯೨೬ರಲ್ಲಿ, ಭೌತವಿಜ್ಞಾನಿಯಾದ ಬೋವಿಯ ನೆರವಿನಿಂದ, ವಿದ್ಯುತ್ತಿನಿಂದ ರಕ್ತಸ್ರಾವವನ್ನು ತಡೆಯುವ ವಿಧಾನವನ್ನು ಮಿದುಳಿಗೆ ಅನ್ವಯಿಸಿದನು. ಹೀಗೆ ಅವನ ಒಂದೊಂದು ಸುಧಾರಣೆಯೂ ಒಂದೊಂದು ಸಾವಿನ ಕಾರಣಕ್ಕೆ ಉತ್ತರವಾಗಿ ಹುಟ್ಟಿತು. ೧೯೩೧ರಲ್ಲಿ ಅವನು ಸಂಶಯಾತೀತವಾಗಿ ನಿರ್ಧರಿಸಲ್ಪಟ್ಟ ತನ್ನ ಎರಡು ಸಾವಿರದನೆಯ ಮಿದುಳುಗೆಡ್ಡೆಯ ಶಸ್ತ್ರಕ್ರಿಯೆಯನ್ನು ನಡೆಸಿದನು.

ಪಿಟ್ಯುಟರಿಯು ಕುಷಿಂಗನಿಗೆ ಅಚ್ಚುಮೆಚ್ಚಿನ ವಿಷಯವಾಗಿದ್ದಿತು. ೧೯೦೯ರ ಮಾರ್ಚ್ ತಿಂಗಳಲ್ಲಿ ಆಕ್ರೊಮೆಗಲಿಯಿಂದ ಪೀಡಿತನಾದ ಒಬ್ಬ ರೈತನಿಗೆ ಅವನು ಮೊದಲ ಬಾರಿಗೆ ಕೆಳಗಿನ ದಾರಿಯಿಂದ ಶಸ್ತ್ರಕ್ರಿಯೆ ಮಾಡಿದನು. ಮರುವರ್ಷವೇ ವಿಧಾನವನ್ನು ತಿದ್ದಿದನು. ಮೇಲ್ದುಟಿಯನ್ನು ಎತ್ತಿ ಅದರಡಿಯಲ್ಲಿ ಕೊಯ್ದು, ಮೂಗಿನ ನಡುಗೋಡೆಯ ಪೊರೆಗಳನ್ನು ಎಡಬಲಕ್ಕೆ ಬಿಡಿಸಿ, ಅವುಗಳ ನಡುವಿನ ಓಣಿಯಲ್ಲಿ ಬೆಣೆಯೆಲುಬನ್ನು ತಲಪುವುದು ಅವನ ಕ್ರಮ. ಮುಖದ ಮೇಲೆ ಗಾಯದ ಗುರುತು ಉಳಿಯದು. ಮಿದುಳನ್ನು ಮುಟ್ಟುವ ಪ್ರಸಂಗವೂ ಬಾರದು. ೧೯೧೨ರಲ್ಲಿ ಅವನು ಪಿಟ್ಯುಟರಿಯನ್ನೂ ಅದರ ವಿಕಾರಗಳನ್ನೂ ಕುರಿತ ಉದ್ಗ್ರಂಥವನ್ನು ಪ್ರಕಟಿಸಿದನು. ಆಮೇಲೆ ಬಾಸ್ಟನ್ನಿಗೆ ಬಂದು ಅಲ್ಲಿಯೂ ಇದೇ ಕೆಲಸವನ್ನು ಮುಂದುವರಿಸಿದನು. ೧೯೧೦ರಿಂದ ೧೯೨೫ರವರೆಗೆ ಈ ದಾರಿಯಿಂದ ಅವನು ಮಾಡಿದ ಶಸ್ತ್ರಕ್ರಿಯೆಗಳ ಸಂಖ್ಯೆ ೨೩೧. ಮರಣದ ಪ್ರಮಾಣ ನೂರಕ್ಕೆ ೫.೬. ಪೆನಿಸಿಲಿನ್ ಇಲ್ಲದ ಆ ಕಾಲಕ್ಕೆ ಇದು ಅಸಾಧಾರಣವಾದ ಸಿದ್ಧಿಯೆಂಬುದರಲ್ಲಿ ಸಂದೇಹವಿಲ್ಲ.

೪

ಇಷ್ಟು ಚೆನ್ನಾಗಿ ನಡೆದ ದಾರಿಯನ್ನು ಕುಷಿಂಗನೇ ಬಿಟ್ಟುಬಿಟ್ಟನು ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ೧೯೨೦ರ ದಶಕದ ಕೊನೆಯ ವೇಳೆಗೆ ಅವನು ಹೆಚ್ಚುಕಡಿಮೆ ಎಲ್ಲ ಪಿಟ್ಯುಟರಿ ಗೆಡ್ಡೆಗಳನ್ನೂ ಬುರುಡೆಯನ್ನು ತೆರೆದು ಮೇಲಿನಿಂದಲೇ ತೆಗೆಯತೊಡಗಿದನು.

ಇದಕ್ಕೆ ಅವನ ಮನಸ್ಸಿನ ಚಾಂಚಲ್ಯ ಕಾರಣವಲ್ಲ. ಕೆಳಗಿನ ಓಣಿಯು ಇಕ್ಕಟ್ಟು; ಅದರ ಕೊನೆಯಲ್ಲಿ ಬೆಳಕು ಮಂದ. ಆಳವಾದ ಬಾವಿಯೊಳಕ್ಕೆ ದೀಪವನ್ನು ದಡದಲ್ಲಿ ಹಿಡಿದು ನೋಡಿದಂತೆ ಆಗುತ್ತಿದ್ದಿತು. ಜೀನನ್ನು ಮೀರಿ ಮೇಲಕ್ಕೆ ಬೆಳೆದ ಗೆಡ್ಡೆಯು ಅಲ್ಲಿಂದ ಕಾಣುತ್ತಿರಲಿಲ್ಲ. ಉಳಿದ ತುಣುಕು ಮತ್ತೆ ಬೆಳೆಯುತ್ತಿದ್ದಿತು. ರಕ್ತ ಚಿಮ್ಮಿದರೆ ತಡೆಯುವುದು ಕಷ್ಟ. ಮಿದುಳಿನ ಸುತ್ತಲಿನ ನೀರಿನಂತಹ ದ್ರವ ಮೂಗಿಗೆ ಸೋರಿದರೆ, ಅದೇ ಬಿರುಕಿನ ಮೂಲಕ ಮೂಗಿನ ರೋಗಾಣುಗಳು ಮಿದುಳಿನ ಪೊರೆಗಳಿಗೇರಿ ಉರಿಯೂತವನ್ನುಂಟುಮಾಡುತ್ತಿದ್ದುವು. ಅಲ್ಲದೆ, ಶಸ್ತ್ರಕ್ರಿಯೆಗೆ ಮುಂಚೆ ಒಳಗಿರುವ ಗೆಡ್ಡೆ ಯಾವ ಜಾತಿಯದು, ಎಷ್ಟು ದೊಡ್ಡದು ಎಂಬುದನ್ನು ಖಚಿತವಾಗಿ ತಿಳಿಯುವ ಸಾಧನವಿರಲಿಲ್ಲ. ಮೇಲಿನಿಂದ ಹೋದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಕಣ್ಣಿನ ನರಗಳ ಮೇಲಿನ ಒತ್ತಡವನ್ನು ನೇರವಾಗಿ ನೋಡಿಯೇ ಇಳಿಸಬಹುದು. ಮೇಲಿನ ದಾರಿಯಲ್ಲಿ ಕುಷಿಂಗನ ಕೈ ಅಷ್ಟುಹೊತ್ತಿಗೆ ಪೂರ್ಣವಾಗಿ ಪಳಗಿದ್ದಿತು. ಆದುದರಿಂದ ಅಂದಿನ ಸಾಧನಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅವನ ನಿರ್ಧಾರವು ವಿವೇಕಯುತವೇ ಆಗಿದ್ದಿತು.

ಆದರೆ ಮಹಾಗುರುಗಳ ನಿರ್ಧಾರಕ್ಕೆ ಅವರು ಉದ್ದೇಶಿಸಿರದ ಒಂದು ಪರಿಣಾಮವುಂಟು. ಗುರು ಬಿಟ್ಟುದನ್ನು ಶಿಷ್ಯಕೋಟಿಯೂ ಬಿಡುತ್ತದೆ. ಬಿಟ್ಟುದಕ್ಕೆ ಕಾರಣವೇನಿತ್ತೆಂಬುದನ್ನು ಮರೆಯುತ್ತದೆ. ಕುಷಿಂಗನ ಕೈಕೆಳಗೆ ಕಲಿಯಲು ಅನೇಕ ದೇಶಗಳಿಂದ ತರುಣರು ಬಂದು ಹೋಗುತ್ತಿದ್ದರು. ಅವರ ಮೂಲಕ ಮೇಲಿನ ದಾರಿಯೇ ಲೋಕದ ದಾರಿಯಾಯಿತು. ಕೆಳಗಿನದು ಹಳೆಯ ಗ್ರಂಥಗಳ ಒಂದು ಅಧ್ಯಾಯವಾಗಿ ಉಳಿಯಿತು. ಹಿರ್ಷನು ವಿಯೆನ್ನದಲ್ಲಿ ತನ್ನ ಕ್ರಮವನ್ನು ಬಿಡದೆ ಹಿಡಿದುಕೊಂಡಿದ್ದನು. ೧೯೩೮ರಲ್ಲಿ ನಾಜಿಗಳು ಆಸ್ಟ್ರಿಯವನ್ನು ಆಕ್ರಮಿಸಿದಮೇಲೆ ದೇಶವನ್ನು ತೊರೆದು ಬಾಸ್ಟನ್ನಿಗೆ ಬಂದು, ಅಲ್ಲಿಯೂ ಅದನ್ನೇ ಮುಂದುವರಿಸಿದನು. ಆದರೆ ಅವನು ನಾಸಿಕವೈದ್ಯ. ಮಿದುಳಿನ ಶಸ್ತ್ರವೈದ್ಯರಲ್ಲಿ ಅವನನ್ನು ಹಿಂಬಾಲಿಸಿದವರು ವಿರಳ. ಕುಷಿಂಗನು ೧೯೩೯ರ ಅಕ್ಟೋಬರ್ ೭ರಂದು ನಿಧನಹೊಂದಿದಾಗ ಅವನ ಹಳೆಯ ದಾರಿಯಲ್ಲಿ ಬಹುಮಟ್ಟಿಗೆ ಹುಲ್ಲು ಬೆಳೆದಿದ್ದಿತು.

೫

ಆ ಹುಲ್ಲಿನ ನಡುವೆ ಒಂದು ಕಾಲುದಾರಿ ಮಾತ್ರ ಮುಚ್ಚಿಹೋಗದೆ ಉಳಿಯಿತು. ಅದನ್ನು ಸವೆಸುತ್ತಿದ್ದವನು ಸ್ಕಾಟ್‌ಲೆಂಡಿನ ನಾರ್ಮನ್ ಡಾಟ್.

ಡಾಟನು ೧೮೯೭ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದನು. ವೈದ್ಯನಾಗಬೇಕೆಂಬ ಅಪೇಕ್ಷೆಯೇನೂ ಅವನಿಗಿರಲಿಲ್ಲ. ಶಾಲೆಯನ್ನು ಬಿಟ್ಟಮೇಲೆ ಯಂತ್ರಶಿಲ್ಪವನ್ನು ಕಲಿಯಲು ಉಮೇದುವಾರನಾಗಿ ಸೇರಿಕೊಂಡನು. ೧೯೧೩ರಲ್ಲಿ ಮೋಟಾರುಸೈಕಲ್ಲಿನ ಅಪಘಾತದಲ್ಲಿ ಅವನ ಕಾಲಿಗೆ ತೀವ್ರವಾದ ಪೆಟ್ಟು ಬಿದ್ದಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಬಹುದಿನ ಮಲಗಿದ್ದಾಗ ವೈದ್ಯರ ಕೆಲಸವನ್ನು ಕಂಡು ಅವನ ಮನಸ್ಸು ತಿರುಗಿತು. ೧೯೧೯ರಲ್ಲಿ ಅವನು ವೈದ್ಯಪದವಿಯನ್ನು ಪಡೆದನು. ಪಿಟ್ಯುಟರಿಯನ್ನು ಕುರಿತ ಪ್ರಯೋಗಗಳಲ್ಲಿ ತೊಡಗಿದ್ದ ಅವನಿಗೆ ರಾಕ್‌ಫೆಲರ್ ವಿದ್ಯಾರ್ಥಿವೇತನವು ದೊರೆತು, ೧೯೨೩-೨೪ರಲ್ಲಿ ಬಾಸ್ಟನ್ನಿನಲ್ಲಿ ಕುಷಿಂಗನ ಬಳಿ ಕಲಿಯುವ ಸುಯೋಗವೊದಗಿತು.

ಆ ವರ್ಷಗಳು ಮುಖ್ಯವಾದುವು. ಕುಷಿಂಗನು ಆಗಿನ್ನೂ ಕೆಳಗಿನ ದಾರಿಯನ್ನು ಬಿಟ್ಟಿರಲಿಲ್ಲ. ಅದನ್ನು ಅವನ ಪಕ್ಕದಲ್ಲಿ ನಿಂತು, ಅವನ ಕೈಗಳ ಚಲನೆಯನ್ನು ನೋಡಿ, ಡಾಟನು ಕಲಿತನು. ಕಲಿತುದನ್ನು ಎಡಿನ್‌ಬರೋಗೆ ಕೊಂಡೊಯ್ದನು. ಮುಂದೆ ಗುರುವು ದಾರಿಯನ್ನು ಬದಲಿಸಿದನೆಂಬುದನ್ನು ಅರಿತೂ ಶಿಷ್ಯನು ಬದಲಿಸಲಿಲ್ಲ. ಇದು ಹಟವೆನ್ನೋಣವೆ? ಡಾಟನ ಮುಂದಿನ ನಡೆಯನ್ನು ನೋಡಿದರೆ ಹಾಗೆನ್ನಲಾಗದು. ದಾರಿಯ ದೋಷವು ಕತ್ತಲೆಯಾದರೆ ಕತ್ತಲೆಗೆ ಪರಿಹಾರವನ್ನು ಹುಡುಕಬೇಕಲ್ಲದೆ ದಾರಿಯನ್ನೇ ಮುಚ್ಚಬೇಕಾಗಿಲ್ಲ. ಹಿಂದೆ ಯಂತ್ರಶಾಲೆಯಲ್ಲಿ ಪಳಗಿದ್ದ ಕೈ ಅಲ್ಲವೆ ಅದು! ಮೂಗಿನ ಓಣಿಯನ್ನು ತೆರೆದುಹಿಡಿಯುವ ಉಪಕರಣದ ತುದಿಯಲ್ಲಿಯೇ ಸಣ್ಣ ವಿದ್ಯುದ್ದೀಪಗಳಿರುವಂತೆ ಅವನು ಅದನ್ನು ಮಾರ್ಪಡಿಸಿದನು. ದೀಪವು ದಡವನ್ನು ಬಿಟ್ಟು ಬಾವಿಯೊಳಕ್ಕೆ ಇಳಿಯಿತು.

ಡಾಟನು ಬೇರೆ ವಿಷಯಗಳಲ್ಲಿಯೂ ಹೆಸರಾದವನು. ಮಿದುಳಿನ ರಕ್ತನಾಳದಲ್ಲಿ ಉಬ್ಬಿ ಒಡೆದ ಭಾಗಕ್ಕೆ ಸ್ನಾಯುವಿನ ತುಣುಕನ್ನು ಸುತ್ತಿ ರಕ್ತಸ್ರಾವವನ್ನು ನಿಲ್ಲಿಸುವ ಶಸ್ತ್ರಕ್ರಿಯೆಯನ್ನು ೧೯೩೧ರಲ್ಲಿ, ಮೊದಲೇ ಯೋಜಿಸಿಕೊಂಡು, ಯಶಸ್ವಿಯಾಗಿ ನಡೆಸಿದನು. ಆದರೆ ಮೂಗಿನ ದಾರಿಯನ್ನು ಕುರಿತು ತನ್ನ ಅನುಭವವನ್ನು ಅವನು ಲೇಖನವಾಗಿ ಪ್ರಕಟಿಸಲಿಲ್ಲ. ಒಬ್ಬರ ಹಿಂದೊಬ್ಬರಾಗಿ ಎಂಬತ್ತು ಮಂದಿ ರೋಗಿಗಳಿಗೆ ಈ ಶಸ್ತ್ರಕ್ರಿಯೆಯನ್ನು ಮಾಡಿ ಒಬ್ಬರನ್ನೂ ಕಳೆದುಕೊಳ್ಳದಿದ್ದ ಕೀರ್ತಿ ಅವನಿಗೆ ಸಲ್ಲುತ್ತದೆ. ಅಂತಹ ಸಿದ್ಧಿಯು ಮೂವತ್ತು ವರ್ಷಗಳ ಕಾಲ ಎಡಿನ್‌ಬರೋದ ಶಸ್ತ್ರಶಾಲೆಯ ಗೋಡೆಗಳೊಳಗೇ ಉಳಿಯಿತು. ಡಾಟನು ಅಕಾಲದಲ್ಲಿ ತೀರಿಕೊಂಡಿದ್ದರೆ ಅವನ ಈ ವಿದ್ಯೆ ಅವನೊಡನೆಯೇ ಹೋಗುತ್ತಿದ್ದಿತು. ಬರೆದಿಡದ ವಿದ್ಯೆಗೆ ಒಬ್ಬ ನೋಡುಗನಾದರೂ ಬೇಕು.

೬

ಆ ನೋಡುಗನು ೧೯೫೬ರಲ್ಲಿ ಬಂದನು. ಪ್ಯಾರಿಸಿನ ಜೆರಾರ್ ಗಿಯೊ ಎಂಬ ಮಿದುಳು ಶಸ್ತ್ರವೈದ್ಯನು ಎಡಿನ್‌ಬರೋಗೆ ಬಂದು ಡಾಟನ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡನು. ಹಿಂದಿರುಗಿದ ಮೇಲೆ ಪ್ಯಾರಿಸಿನ ಸಮೀಪದ ಫಾಶ್ ಆಸ್ಪತ್ರೆಯಲ್ಲಿ ತಾನೂ ಅದನ್ನು ಆರಂಭಿಸಿದನು. ಕುಷಿಂಗನ ಕಾಲದಲ್ಲಿ ಇಲ್ಲದಿದ್ದ ಎಷ್ಟೋ ಅನುಕೂಲಗಳು ಇವನಿಗಿದ್ದುವು. ಸೋಂಕನ್ನು ತಡೆಯಲು ಪೆನಿಸಿಲಿನ್ನೂ ಅದರ ಸಹೋದರ ಔಷಧಗಳೂ ೧೯೪೦ರ ದಶಕದಲ್ಲಿ ಬಂದಿದ್ದುವು. ಪಿಟ್ಯುಟರಿಯು ಕುಂದಿದಾಗ ರೋಗಿಯನ್ನುಳಿಸಲು ಬೇಕಾದ ಕಾರ್ಟಿಸೋನು ೧೯೫೦ರ ಸುಮಾರಿಗೆ ವೈದ್ಯರ ಕೈಸೇರಿದ್ದಿತು. ಇವುಗಳಿಗೆ ಗಿಯೊ ಇನ್ನೊಂದನ್ನು ಕೂಡಿಸಿದನು. ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಕ್ಷಕಿರಣದ ತೆರೆಯ ಮೇಲೆ ಉಪಕರಣದ ತುದಿ ಎಲ್ಲಿದೆಯೆಂಬುದನ್ನು ನೋಡುತ್ತ ಮುಂದುವರಿಯುವುದು ಅವನ ಕ್ರಮವಾಯಿತು. ಅವನು ಈ ದಾರಿಯಿಂದ ಮಾಡಿದ ಶಸ್ತ್ರಕ್ರಿಯೆಗಳು ಸಾವಿರವನ್ನೂ ಮೀರಿದುವು.

ಗಿಯೊನ ಬಳಿಗೆ ಕೆನಡಾದ ಕ್ವಿಬೆಕ್ಕಿನಿಂದ ಜೂಲ್ಸ್ ಹಾರ್ಡಿ ಎಂಬ ತರುಣನು ಬಂದು ಕಲಿತು, ೧೯೬೨ರಲ್ಲಿ ಮಾಂಟ್ರಿಯಲ್ಲಿಗೆ ಹಿಂದಿರುಗಿದನು. ನೋತ್ರ್‌ದಾಮ್ ಆಸ್ಪತ್ರೆಯಲ್ಲಿ ಅವನು ಈ ವಿದ್ಯೆಗೆ ಶಸ್ತ್ರಕ್ರಿಯೆಯ ಸೂಕ್ಷ್ಮದರ್ಶಕವನ್ನು ಜೋಡಿಸಿದನು. ೧೯೬೦ರ ದಶಕವು ಮುಗಿಯುವುದರೊಳಗೆ ಓಣಿಯ ಕೊನೆಯು ಪ್ರಕಾಶಮಾನವಾಯಿತು. ಬೆಳಗಿದುದಷ್ಟೇ ಅಲ್ಲ, ಹಲವು ಪಟ್ಟು ದೊಡ್ಡದಾಗಿ ಕಂಡಿತು. ಆಗ ಹಾರ್ಡಿಯು ಹಿಂದೆ ಯಾರೂ ಜೀವಂತ ರೋಗಿಯಲ್ಲಿ ಚೆನ್ನಾಗಿ ಕಾಣದಿದ್ದ ವಸ್ತುವನ್ನು ಕಂಡನು. ಗ್ರಂಥಿಯ ಒಳಗೆ ಹುದುಗಿದ, ಹತ್ತು ಮಿಲಿಮೀಟರಿಗಿಂತ ಕಿರಿದಾದ ಗೆಡ್ಡೆಗಳು ಅವು. ಅವುಗಳನ್ನು ‘ಸೂಕ್ಷ್ಮ ಗೆಡ್ಡೆ’ ಎಂಬರ್ಥದ ಹೆಸರಿನಿಂದ ಕರೆದು, ಆರೋಗ್ಯವಾದ ಗ್ರಂಥಿಯನ್ನು ಉಳಿಸಿ ಗೆಡ್ಡೆಯೊಂದನ್ನೇ ಆರಿಸಿ ತೆಗೆಯಬಹುದೆಂದು ಅವನು ತೋರಿಸಿಕೊಟ್ಟನು. ಅಕ್ಕಿಯಿಂದ ಕಲ್ಲನ್ನು ಆರಿಸುವ ಕೆಲಸವದು.

೭

ಇಲ್ಲಿಗೆ ಕಥೆಯು ಮತ್ತೆ ಕುಷಿಂಗನ ಬಳಿಗೇ ಬರುತ್ತದೆ. ೧೯೧೨ರ ತನ್ನ ಗ್ರಂಥದಲ್ಲಿ ಅವನು ಇಪ್ಪತ್ತಮೂರು ವರ್ಷದ ಒಬ್ಬ ತರುಣಿಯನ್ನು ವರ್ಣಿಸಿದ್ದನು. ಅವಳ ಮುಖ ಮತ್ತು ಒಡಲು ಮಾತ್ರ ಕೊಬ್ಬಿದ್ದುವು, ಚರ್ಮದ ಮೇಲೆ ನೇರಳೆಯ ಬಣ್ಣದ ಬರೆಗಳಿದ್ದುವು, ರಕ್ತದೊತ್ತಡ ಏರಿದ್ದಿತು. ಈ ವ್ಯಾಧಿ ಅವನನ್ನು ಇಪ್ಪತ್ತು ವರ್ಷ ಕಾಡಿತು. ೧೯೩೨ರಲ್ಲಿ, ಇಂತಹ ಹನ್ನೆರಡು ರೋಗಿಗಳ ವೃತ್ತಾಂತವನ್ನು ಒಟ್ಟುಗೂಡಿಸಿ, ಇದರ ಮೂಲವು ಪಿಟ್ಯುಟರಿಯಲ್ಲಿನ ಅತಿ ಸಣ್ಣ ಗೆಡ್ಡೆಯೆಂದು ಅವನು ಸಾರಿದನು. ಆಧಾರವು ಬಹುಮಟ್ಟಿಗೆ ಶವಪರೀಕ್ಷೆಯದು. ಅನೇಕರು ಸಂಶಯಪಟ್ಟರು. ವ್ಯಾಧಿಗೆ ಅವನ ಹೆಸರೇ ನಿಂತಿತಾದರೂ ಚಿಕಿತ್ಸೆಯು ದೊರೆಯಲಿಲ್ಲ. ಮೇಲಿನ ದಾರಿಯಿಂದ ಹೋದವನಿಗೆ ಅಂತಹ ಗೆಡ್ಡೆ ಕಾಣುವಂತಿರಲಿಲ್ಲ. ೧೯೫೦ರ ದಶಕದಲ್ಲಿ ವೈದ್ಯರು ಮೂತ್ರಪಿಂಡಗಳ ಮೇಲಿರುವ ಎರಡೂ ಅಡ್ರೀನಲ್ ಗ್ರಂಥಿಗಳನ್ನು ಕಿತ್ತುಹಾಕಿ ರೋಗಿಯನ್ನುಳಿಸುತ್ತಿದ್ದರು. ಕಳ್ಳನು ಒಂದೆಡೆಯಿದ್ದರೆ ಬೇರೊಂದೆಡೆ ದಂಡ ವಿಧಿಸಿದಂತೆ ಆಗುತ್ತಿದ್ದಿತು.

ಹಾರ್ಡಿಯ ಸೂಕ್ಷ್ಮದರ್ಶಕದಡಿಯಲ್ಲಿ ಆ ಕಳ್ಳನು ಸಿಕ್ಕಿಬಿದ್ದನು. ಕುಷಿಂಗನು ಹೇಳಿದ್ದು ನಿಜವೆಂಬುದು ಜೀವಂತ ರೋಗಿಗಳಲ್ಲಿಯೇ ಸಿದ್ಧವಾಯಿತು. ಗೆಡ್ಡೆಯನ್ನು ತೆಗೆದ ಮೇಲೆ ರೋಗಿಗಳು ಗುಣಹೊಂದಿದರು. ಇಂದಿಗೂ ಕುಷಿಂಗನ ವ್ಯಾಧಿಗೆ ಮೊದಲ ಚಿಕಿತ್ಸೆಯೆಂದರೆ ಮೂಗಿನ ದಾರಿಯಿಂದ ಆ ಗೆಡ್ಡೆಯನ್ನು ತೆಗೆಯುವುದೇ. ಗುರುವಿನ ಹೆಸರನ್ನು ಹೊತ್ತ ರೋಗಕ್ಕೆ ಗುರು ಬಿಟ್ಟ ದಾರಿಯೇ ಮದ್ದಾಯಿತು. ಆ ಮದ್ದು ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಪ್ರಶಿಷ್ಯನಿಗೆ ಸಾಗಿ ಬಂದುದು ಬಾಸ್ಟನ್, ಎಡಿನ್‌ಬರೋ, ಪ್ಯಾರಿಸ್, ಮಾಂಟ್ರಿಯಲ್ ಎಂಬ ನಾಲ್ಕು ಊರುಗಳ ಮೂಲಕ, ನಾಲ್ವರ ಕೈಗಳ ಮೂಲಕ.

ಮುಂದಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ೧೯೬೩ರ ಸುಮಾರಿಗೆ ಗಿಯೊ ಅಂತರ್ದರ್ಶಕವೆಂಬ ನಳಿಗೆಯನ್ನು ಮೂಗಿನೊಳಕ್ಕೆ ತೂರಿಸಿ ನೋಡಿದ್ದನು. ಅಂದಿನ ನಳಿಗೆ ಸಾಕಷ್ಟು ಸ್ಪಷ್ಟವಾಗಿರದ ಕಾರಣ ಅವನೂ ಅದನ್ನು ಬಿಟ್ಟನು. ೧೯೯೦ರ ದಶಕದಲ್ಲಿ, ಮಸೂರಗಳೂ ಕ್ಯಾಮೆರಾಗಳೂ ಸುಧಾರಿಸಿದ ಮೇಲೆ, ಪಿಟ್ಸ್‌ಬರ್ಗ್, ನೇಪಲ್ಸ್ ಮುಂತಾದ ಕಡೆಗಳಲ್ಲಿ ಅದು ಮರಳಿ ಬಂದಿತು. ಅದರ ನೆರವಿನಿಂದ ಜೀನಿನಾಚೆಗೂ, ಕಪಾಲತಲದ ಮುಂದಿನ ಮೆಟ್ಟಿಲಿನಿಂದ ಕತ್ತಿನ ಮೂಳೆಯವರೆಗೂ, ಮೂಗಿನ ಮೂಲಕ ತಲಪುವುದು ಸಾಧ್ಯವಾಯಿತು. ಕುಷಿಂಗನನ್ನು ಹೆದರಿಸಿದ್ದ ದ್ರವದ ಸೋರಿಕೆಗೂ ಪರಿಹಾರ ದೊರೆಯಿತು. ಮೂಗಿನ ನಡುಗೋಡೆಯ ಪೊರೆಯನ್ನು ಅದರ ರಕ್ತನಾಳದೊಡನೆಯೇ ಬಿಡಿಸಿ, ತಳದ ರಂಧ್ರಕ್ಕೆ ತೇಪೆಯಾಗಿ ಹೊದಿಸುವ ವಿಧಾನವನ್ನು ಅರ್ಜೆಂಟೀನದ ಹದಾದ್ ಮತ್ತು ಬಸ್ಸಗಸ್ತೆಗಿ ಎಂಬವರು ರೂಪಿಸಿದರು. ೨೦೦೬ರಲ್ಲಿ ಅದು ಪ್ರಕಟವಾಯಿತು. ಆದರೂ ಮೇಲಿನ ದಾರಿಯು ವ್ಯರ್ಥವಾಗಿಲ್ಲ. ಪಕ್ಕಗಳಿಗೆ ಹರಡಿದ ಗೆಡ್ಡೆಗಳಿಗೆ ಇಂದೂ ಬುರುಡೆಯನ್ನು ತೆರೆಯಬೇಕಾಗುತ್ತದೆ. ಎರಡು ದಾರಿಗಳನ್ನೂ ಬಲ್ಲವನೇ ಯಾವುದು ಎಲ್ಲಿಗೆ ಸಲ್ಲುವುದೆಂದ­ು ಹೇಳಬಲ್ಲನು.

ವಿದ್ಯೆಯು ಮನುಷ್ಯನಿಂದ ಮನುಷ್ಯನಿಗೆ ಹೀಗೆ ಸಾಗುವ ಬಗೆಯನ್ನು ನಮ್ಮ ದೇಶದ ಇತಿಹಾಸದಲ್ಲಿಯೂ ಕಾಣಬಹುದು. ಮಾಂಟ್ರಿಯಲ್ಲಿನಲ್ಲಿಯೇ, ಪೆನ್‌ಫೀಲ್ಡ್ ಎಂಬ ಪ್ರಸಿದ್ಧ ಗುರುವಿನ ಬಳಿ ಕಲಿತ ಡಾಕ್ಟರ್ ಜೇಕಬ್ ಚಾಂಡಿಯವರು ೧೯೪೯ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲನೆಯ ಮಿದುಳು-ನರ ಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು. ಮರುವರ್ಷ ಡಾಕ್ಟರ್ ಬಿ. ರಾಮಮೂರ್ತಿಯವರು ಮದರಾಸಿನಲ್ಲಿ ಆ ಕಾರ್ಯವನ್ನು ಪ್ರಾರಂಭಿಸಿದರು. ೧೯೫೧ರಲ್ಲಿ ಈ ಇಬ್ಬರೂ ಇತರ ಸಹೋದ್ಯೋಗಿಗಳೊಡನೆ ಸೇರಿ ಭಾರತೀಯ ನರವಿಜ್ಞಾನ ಸಂಘವನ್ನು ಸ್ಥಾಪಿಸಿದರು. ಒಬ್ಬೊಬ್ಬರು ಹೊತ್ತಿಸಿದ ಹಣತೆಯಿಂದ ನೂರಾರು ಹಣತೆಗಳು ಹೊತ್ತಿಕೊಂಡುವು.

ವಿದ್ಯಾರ್ಥಿಗಳಿಗೆ ಈ ಇತಿಹಾಸದಿಂದ ದೊರೆಯುವ ಪಾಠವೇನು? ಗುರುವನ್ನು ಕುರುಡಾಗಿ ಅನುಸರಿಸಬಾರದೆಂದಷ್ಟೇ ಹೇಳಿದರೆ ಅದು ಅರ್ಧಸತ್ಯ. ಡಾಟನು ಗುರುವನ್ನು ಧಿಕ್ಕರಿಸಲಿಲ್ಲ. ಗುರುವೇ ಕಲಿಸಿದುದನ್ನು ಗುರುವಿಗಿಂತ ಹೆಚ್ಚು ಕಾಲ ಕಾಪಾಡಿದನು. ಗುರುವು ಬಿಟ್ಟುದಕ್ಕೆ ಕಾರಣವೇನೆಂಬುದನ್ನು ವಿಚಾರಿಸಿ, ಆ ಕಾರಣವನ್ನೇ ತಿದ್ದಲು ಹೊರಟನು. ಒಂದು ದಾರಿಯನ್ನು ಲೋಕವು ತ್ಯಜಿಸಿತೆಂದರೆ ಅದು ತಪ್ಪಾದ ದಾರಿಯೆಂದಾಗಲಿಲ್ಲ. ಅದರಲ್ಲಿ ನಡೆಯಲು ಬೇಕಾದ ದೀಪವು ಇನ್ನೂ ಸಿದ್ಧವಾಗಿಲ್ಲದಿರಬಹುದು. ದೀಪವು ಬರುವತನಕ ದಾರಿಯ ಗುರುತನ್ನು ಅಳಿಸದೆ ಉಳಿಸುವವರೂ ಬೇಕು. ಅಂತಹವರ ಹೆಸರು ರೋಗಗಳಿಗಾಗಲಿ ಉಪಕರಣಗಳಿಗಾಗಲಿ ಅಂಟಿಕೊಳ್ಳದೆ ಹೋಗಬಹುದು. ಡಾಟನು ಎಂಬತ್ತು ಮಂದಿಯ ದೃಷ್ಟಿಗಾಗಿ ದುಡಿದು, ಅದನ್ನು ಕುರಿತು ಬರೆಯದೆ, ೧೯೭೩ರಲ್ಲಿ ಕಣ್ಮುಚ್ಚಿದನು. ಮೂಗಿನ ದಾರಿಯಿಂದ ಗೆಡ್ಡೆಯನ್ನು ತೆಗೆಸಿಕೊಂಡು, ಎರಡು ಪಕ್ಕಗಳನ್ನೂ ಮತ್ತೆ ಕಾಣುವಂತಾಗಿ ಮನೆಗೆ ಹಿಂದಿರುಗುವ ರೋಗಿಗೆ ಅವನ ಹೆಸರು ತಿಳಿದಿರಲಾರದು. ತರಗತಿಯಲ್ಲಿ ಪಿಟ್ಯುಟರಿಯ ಪಾಠ ಬಂದಾಗ ಕುಷಿಂಗನ ಹೆಸರಿನೊಡನೆ ಅವನ ಹೆಸರನ್ನೂ ಒಂದು ಬಾರಿ ಹೇಳಿದರೆ ಆ ಋಣವು ಸ್ವಲ್ಪಮಟ್ಟಿಗಾದರೂ ಸಂದೀತು.